ಗಿರಣಿ ದಾಕ್ಷಾಯಣಮ್ಮನ ಜೀರ್ಣೋದ್ಧಾರ

ಗುಬ್ಬಿಗೆ ನನಗೆ ವರ್ಗವಾದದ್ದು 1994ರ ಜೂನ್ ತಿಂಗಳಲ್ಲಿ. ಮನೆ ಹೂಡಿದ ಮೂರನೆಯ ದಿನ ಒಂದು ಚೀಲದಲ್ಲಿ ರಾಗಿಯನ್ನೂ ಅದರ ಮೇಲೆ ಸಣ್ಣ ಗಂಟಿನಲ್ಲಿ ಒಣಮೆಣಸಿನಕಾಯಿಯನ್ನೂ ಇಟ್ಟುಕೊಂಡು ಛತ್ರದ ಸಾಲಿನ ಹಿಟ್ಟಿನ ಗಿರಣಿಗೆ ಹೋದೆ. ತಲೆಗೆ ಹಳೆಯ ಟವೆಲು ಸುತ್ತಿಕೊಂಡ, ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತ ಹೆಣ್ಣುಮಗಳೊಬ್ಬಳು ಮೋಟಾರಿನ ಪಕ್ಕದಲ್ಲಿ ನಿಂತಿದ್ದಳು. ವಯಸ್ಸು ಇಪ್ಪತ್ತೈದನ್ನು ದಾಟಿರಲಾರದು. ರಾಗಿಯನ್ನು ಇಸಿದುಕೊಂಡು ಮೆಣಸಿನಕಾಯಿಯ ಗಂಟನ್ನು ನನ್ನ ಕೈಗೇ ಹಿಂದಿರುಗಿಸಿದಳು.

"ಹೊಸ ಮೇಷ್ಟ್ರು ಅಂತ ಕಾಣ್ತದೆ. ಮೆಣಸಿನ್ಕಾಯಿ ಶನಿವಾರ ಸಾಯಂಕಾಲ ತನ್ನಿ. ಈಗ ಹಾಕಿದ್ರೆ, ನಿಮ್ಮ ಹಿಂದೆ ನಿಂತವ್ರಲ್ಲ ಈ ಅಜ್ಜಿ, ಇವರ ಮೊಮ್ಮಗೂಗೆ ರಾಗಿ ಸರೀಲಿ ಖಾರ ಬತ್ತದೆ."

"ಇದೊಂದು ಸಲ ಹಾಕಿಬಿಡಮ್ಮ" ಎಂದೆ.

"ಇದೊಂದು ಸಲ ಅನ್ನೋರೇ ದಿನಾ ಹತ್ತು ಜನ ಬರ್ತಾರೆ ಸಾರ್."

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಗಂಟನ್ನು ಜೇಬಿಗೆ ಸೇರಿಸಿಕೊಂಡು ಸರದಿಯಲ್ಲಿ ನಿಂತೆ. ಆ ಹೆಣ್ಣುಮಗಳು ಕಾಲಕ್ರಮದಲ್ಲಿ ಊರಿಗೆಲ್ಲ ದಾಕ್ಷಾಯಣಮ್ಮನವರಾದರು. ಶನಿವಾರದ ಸಾಯಂಕಾಲದ ನಿಯಮ ಮಾತ್ರ ಬದಲಾಗಲಿಲ್ಲ.

ಅವರ ತವರು ಕುಣಿಗಲ್. ಗಿರಣಿ ಮಾವನವರ ಕಾಲದ್ದು. ಪತಿ ಚನ್ನವೀರಯ್ಯನವರು ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದವರು. ಹಿಟ್ಟಿನ ಧೂಳು ಸೋಕಿದರೆ ಅವರಿಗೆ ಒಂದೇ ಸಮನೆ ಸೀನು ಬರುತ್ತಿದ್ದುದರಿಂದ ಗಿರಣಿಯ ಹೊಸ್ತಿಲನ್ನು ಅವರು ತುಳಿಯುತ್ತಲೇ ಇರಲಿಲ್ಲ. ಹೀಗಾಗಿ ಮದುವೆಯಾಗಿ ಬಂದ ಎರಡನೆಯ ವರ್ಷಕ್ಕೇ ಸೊಸೆ ಮಾವನಿಂದ ಕೆಲಸ ಕಲಿತರು. ಬೆಲ್ಟು ಬಿಗಿಯುವುದು, ಸವೆದ ಬೀಸುಗಲ್ಲಿಗೆ ಚಾಣ ಹಿಡಿದು ಹಲ್ಲು ಹೊಡೆಯುವುದು, ಬಿದ್ದ ಹಿಟ್ಟನ್ನು ಹೆಬ್ಬೆರಳಿಂದ ತಿಕ್ಕಿ ನುಣುಪು ನೋಡುವುದು, ಇವೆಲ್ಲ ಅವರ ಕೈಗೆ ಹತ್ತಿದವು. ಯಂತ್ರವನ್ನು ಮಾವನವರು ನೆಲದಲ್ಲಿ ಮೊಳದಾಳ ಹೂತ ಬಂಡೆಗಲ್ಲಿನ ಮೇಲೆ ಕೂರಿಸಿದ್ದರು. ಅದು ಓಡುವಾಗ ಇಡೀ ಅಂಗಡಿ ಸಣ್ಣಗೆ ನಡುಗುತ್ತಿತ್ತು. ಅಂಗಾಲಿನಲ್ಲಿ ಆ ನಡುಕ ಇಲ್ಲದಿದ್ದರೆ ಊಟ ಸೇರುವುದಿಲ್ಲ ಎಂದು ಆಕೆ ಒಮ್ಮೆ ನನ್ನೊಡನೆ ಹೇಳಿದ್ದುಂಟು.

ಛತ್ರದ ಸಂಗತಿಯನ್ನೂ ಹೇಳಬೇಕು. ನಾಲ್ಕು ತಲೆಮಾರಿನ ಹಿಂದೆ ಪುಟ್ಟರುದ್ರಪ್ಪನವರೆಂಬ ಕೊಬ್ಬರಿ ವ್ಯಾಪಾರಿ ದಾರಿಹೋಕರಿಗಾಗಿ ಕಟ್ಟಿಸಿದ ಕಟ್ಟಡವದು. ಹಿಂದುಗಡೆ ಹಜಾರ, ಈಗ ಅದು ಮದುವೆ ಮಂಟಪ. ಮುಂದುಗಡೆ ಬೀದಿಗೆ ಮುಖ ಮಾಡಿ ಆರು ಅಂಗಡಿ. ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ ಹಾಸಿ ಸುಣ್ಣದ ಗಾರೆ ಬಳಿದ ಮಾಳಿಗೆ. ಅಂಗಡಿಗಳ ಬಾಡಿಗೆಯಿಂದ ಹತ್ತಾರು ಬಡ ಹುಡುಗರ ಊಟ ನಡೆಯಬೇಕೆಂಬುದು ಪುಟ್ಟರುದ್ರಪ್ಪನವರ ಇಚ್ಛೆ. ಅದನ್ನು ನೋಡಿಕೊಳ್ಳಲು ಒಂದು ಸಮಿತಿ. ಸಮಿತಿಗೆ ಅಧ್ಯಕ್ಷರು ಮಹಾಲಿಂಗಯ್ಯನವರು. ಅಡಕೆ ಮಂಡಿಯ ಯಜಮಾನರು, ಹಣೆ ತುಂಬ ವಿಭೂತಿ, ಮಾತು ಮಾತಿಗೆ "ತಾಯಿ" ಎನ್ನುವವರು.

ಮೂರು ವರ್ಷದ ಕೆಳಗೆ ಮಳೆ ವಿಪರೀತವಾಯಿತು. ಸಾಲಿನ ಮೂರನೆಯ ಅಂಗಡಿ ದರ್ಜಿ ಶಿವರಾಮಯ್ಯನವರದು. ಅಲ್ಲಿ ಮಾಳಿಗೆ ಸೋರಿ, ಹೊಲಿಯಲು ಕೊಟ್ಟಿದ್ದ ರೇಷ್ಮೆ ರವಿಕೆಯ ಬಟ್ಟೆಗಳು ನೆನೆದವು. ಮಾರನೆಯ ದಿನ ಆರು ಅಂಗಡಿಯವರೂ ಗಿರಣಿಯಲ್ಲಿ ಸೇರಿದರು. ಸಮಿತಿಗೆ ಅರ್ಜಿ ಕೊಡುವುದೆಂದಾಯಿತು. ಅಕ್ಷರ ದುಂಡಗಿರುವವರು ದಾಕ್ಷಾಯಣಮ್ಮನವರು, ಬರೆಯುವ ಕೆಲಸ ಅವರ ಪಾಲಿಗೆ ಬಂತು.

"ಮಾಳಿಗೆ ರಿಪೇರಿ ಮಾಡಿಸ್ಕೊಡಿ ಅಂತ ಬರಿಯಮ್ಮ, ಸಾಕು" ಎಂದರು ಶಿವರಾಮಯ್ಯ.

"ಧರ್ಮದ ಛತ್ರಕ್ಕೆ ರಿಪೇರಿ ಅಂತಾರಾ ಶಿವರಾಮಣ್ಣ? ಅದೇನ್ ನಿನ್ನ ಮೊಪೆಡ್ಡಾ?"

"ನನ್ನ ಮೊಪೆಡ್ಡೂ ಧರ್ಮಕ್ಕೇ ಓಡ್ತಿರೋದು, ಬರಿ."

ದಾಕ್ಷಾಯಣಮ್ಮನವರಿಗೆ ಮನಸ್ಸು ಒಪ್ಪಲಿಲ್ಲ. ಪುಣ್ಯಾತ್ಮರು ಕಟ್ಟಿಸಿದ ಜಾಗ. ಅದಕ್ಕೆ ತಕ್ಕ ಮಾತೊಂದು ಬೇಕು. ಗುಡಿಗಳ ಆಹ್ವಾನ ಪತ್ರಿಕೆಯಲ್ಲಿ ಓದಿದ್ದ ಮಾತು ನೆನಪಾಯಿತು. "ಛತ್ರದ ಅಂಗಡಿ ಸಾಲನ್ನು ಜೀರ್ಣೋದ್ಧಾರ ಮಾಡಿಸಿಕೊಡಬೇಕಾಗಿ ಪ್ರಾರ್ಥನೆ" ಎಂದು ಬರೆದರು. ಆರೂ ಜನ ರುಜು ಹಾಕಿದರು. ಕೊಡುವ ಮುನ್ನ ಆಕೆ ನನಗೂ ತೋರಿಸಿದರು. ನಾನು ಧಕಾರದ ಒತ್ತು ಸರಿಯಾಗಿದೆಯೆಂದು ಮೆಚ್ಚಿಕೊಂಡೆನೇ ಹೊರತು ಬೇರೆ ಯಾವ ಯೋಚನೆಯೂ ನನಗೆ ಹೊಳೆಯಲಿಲ್ಲ.

ಜೀರ್ಣ ಮತ್ತು ಉದ್ಧಾರ ಸೇರಿ ಜೀರ್ಣೋದ್ಧಾರ, ಗುಣಸಂಧಿ. ಸವೆದುಹೋದದ್ದನ್ನು ಮೇಲೆತ್ತಿ ನಿಲ್ಲಿಸುವುದು ಎಂದು ಅದರ ಅರ್ಥ. ಮೂವತ್ತೈದು ವರ್ಷ ಮಕ್ಕಳಿಗೆ ಹಾಗೆಂದೇ ಹೇಳಿಕೊಟ್ಟಿದ್ದೇನೆ. ಆದರೆ ನಮ್ಮ ತಾಲ್ಲೂಕಿನಲ್ಲಿ ಈ ಮಾತಿಗೆ ಈಗ ನಡೆಯುತ್ತಿರುವ ಅರ್ಥವೇ ಬೇರೆ. ಮುನ್ನೂರು ವರ್ಷದ ಗುಡಿಗೆ ಜೆಸಿಬಿ ಬಂತೆಂದರೆ ಅದು ಜೀರ್ಣೋದ್ಧಾರ. ಕೆತ್ತಿದ ಕಂಬಗಳನ್ನು ಕೆರೆಯ ಏರಿಗೆ ಎಸೆದು, ಸಿಮೆಂಟಿನ ಕಂಬಕ್ಕೆ ಹಳದಿ ಬಣ್ಣ ಬಳಿದು, ಕಾಲಿಟ್ಟರೆ ಜಾರುವ ಗ್ರಾನೈಟು ಹಾಸಿದರೆ ಅದು ಜೀರ್ಣೋದ್ಧಾರ. ಹೊಸದು ಬೇಕೆನ್ನುವವರು ಹೊಸದೆಂದೇ ಹೇಳಲಿ, ಬೇಡವೆನ್ನುವವರಾರು? ಕೆಡವುವ ಕೆಲಸಕ್ಕೆ ಎತ್ತುವ ಕೆಲಸದ ಹೆಸರನ್ನು ಕದ್ದದ್ದೇಕೆ? ಇದನ್ನು ನೆನೆದರೆ ಈ ವಯಸ್ಸಿನಲ್ಲಿಯೂ ನನಗೆ ಮೈ ಉರಿಯುತ್ತದೆ.

ಅರ್ಜಿ ಕೊಟ್ಟ ಒಂದು ತಿಂಗಳಿಗೆ ಎಂಜಿನಿಯರೊಬ್ಬರು ಕಾರಿನಲ್ಲಿ ಬಂದರು. ಎದುರಿನ ಕಬ್ಬಿನ ಹಾಲಿನ ಅಂಗಡಿಯ ನೆರಳಲ್ಲಿ ನಿಂತರು. ಅಲ್ಲಿಂದಲೇ ಫೋನಿನಲ್ಲಿ ನಾಲ್ಕು ಚಿತ್ರ ತೆಗೆದುಕೊಂಡರು. "ಒಳಗ್ ಬನ್ನಿ ಸಾರ್, ಸೋರ್ತಿರೋದು ಒಳಗೆ" ಎಂದು ದಾಕ್ಷಾಯಣಮ್ಮ ಬೀದಿ ದಾಟಿ ಹೋಗಿ ಕರೆದರು. "ಗೊತ್ತಾಯ್ತಮ್ಮ, ಗೊತ್ತಾಯ್ತು" ಎಂದು ಅವರು ಕಬ್ಬಿನ ಹಾಲಿನ ಲೋಟ ಕೆಳಗಿಟ್ಟು ಕಾರು ಹತ್ತಿದರು. ಅವರ ವರದಿಯಲ್ಲಿ "ಕಟ್ಟಡವು ಸಂಪೂರ್ಣ ಶಿಥಿಲವಾಗಿದ್ದು ಉಪಯೋಗಕ್ಕೆ ಅಪಾಯಕಾರಿ" ಎಂದಿತ್ತು.

ಆಮೇಲೆ ಮಂಟಪದಲ್ಲಿ ಸಭೆ. ಗೋಡೆಗೆ ಒಂದು ದೊಡ್ಡ ಬಣ್ಣದ ಚಿತ್ರ ತೂಗುಹಾಕಿದ್ದರು. ಮೂರು ಅಂತಸ್ತು, ಮುಂಭಾಗವೆಲ್ಲ ಗಾಜು, ಚಿತ್ರದ ಬೀದಿಯಲ್ಲಿ ಗುಬ್ಬಿಯವರಾರೂ ಕಂಡಿರದ ಕಾರುಗಳು. ನೆಲಮಟ್ಟದ ಜಾಗವನ್ನೆಲ್ಲ ದೊಡ್ಡ ಶೋರೂಮಿಗೆ ಕೊಡುವುದಾಗಿಯೂ, ಈಗಿರುವ ಆರು ಬಾಡಿಗೆದಾರರಿಗೆ ಮೊದಲನೆಯ ಮಹಡಿಯಲ್ಲಿ ಮಳಿಗೆ ಒದಗಿಸುವುದಾಗಿಯೂ ಕಾರ್ಯದರ್ಶಿಗಳು ಓದಿದರು. ದಾಕ್ಷಾಯಣಮ್ಮ ಎದ್ದು ನಿಂತರು.

"ಅಧ್ಯಕ್ಷರೇ, ನಾವು ಮಾಳಿಗೆ ಸರಿ ಮಾಡಿಸಿ ಅಂತ ಕೇಳಿದ್ವಿ. ಕೆಡವಿ ಅಂತ ಯಾರು ಕೇಳಿದ್ರು?"

ಮಹಾಲಿಂಗಯ್ಯನವರು ಮೇಜಿನ ಮೇಲಿನ ಫೈಲಿನಿಂದ ಅರ್ಜಿಯನ್ನು ಹೊರತೆಗೆದರು. "ನೀವೇ ಕೇಳಿದ್ದೀರಲ್ಲ ತಾಯಿ. ಜೀರ್ಣೋದ್ಧಾರ ಅಂತ ನಿಮ್ಮದೇ ಅಕ್ಷರ. ಎಷ್ಟು ಮುದ್ದಾಗಿ ಬರ್ದಿದ್ದೀರಿ. ಆರು ಜನದ ರುಜೂನೂ ಇದೆ."

"ಜೀರ್ಣೋದ್ಧಾರ ಅಂದ್ರೆ ಸರಿ ಮಾಡೋದು."

"ಯಾವೂರಲ್ಲಿ ತಾಯಿ? ನಿಮ್ಮ ಬೀದಿ ವೀರಭದ್ರಸ್ವಾಮಿ ಗುಡಿ ಜೀರ್ಣೋದ್ಧಾರ ಆಯ್ತಲ್ಲ, ಹಳೇದು ಒಂದಾದ್ರೂ ಕಲ್ಲು ಉಳೀತಾ? ನೀವೇ ಆವತ್ತು ಹೋಳಿಗೆಗೆ ಹಿಟ್ಟು ಬೀಸಿಕೊಟ್ಟೋರು."

ಸಭೆ ನಕ್ಕಿತು. ಹೋಳಿಗೆಗೆ ಹಿಟ್ಟು ಬೀಸಿಕೊಟ್ಟದ್ದು ನಿಜವೇ ಆಗಿತ್ತು.

"ಹಿಟ್ಟಿನ ಮಿಷನ್ನು ಮಹಡಿ ಮೇಲೆ ಹೆಂಗ್ ಕೂರಿಸ್ತೀರಿ? ರಾಗಿ ಮೂಟೆ ಹೊತ್ಕೊಂಡು ಅಜ್ಜೀರು ಮೆಟ್ಲು ಹತ್ತಬೇಕಾ?"

"ಲಿಫ್ಟ್ ಹಾಕಿಸ್ತೀವಿ, ಮುಂದೆ" ಎಂದರು ಕಾರ್ಯದರ್ಶಿಗಳು.

"ಮುಂದೆ ಅಂದ್ರೆ ಯಾವಾಗ?"

ಅಷ್ಟರಲ್ಲಿ ಕಾಫಿ ಬಂತು.

ದಾಕ್ಷಾಯಣಮ್ಮನವರ ಮಗಳು ಅಕ್ಷತಾ ತುಮಕೂರಿನಲ್ಲಿದ್ದಾಳೆ. ಸದಾಶಿವನಗರದಲ್ಲಿ ಮನೆ, ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಕೆಲಸ. ಆ ಸಾಯಂಕಾಲ ಆಕೆಗೆ ಫೋನು ಮಾಡಿದರು.

"ಹೊಸಾದು ಬಂದ್ರೆ ಬರ್ಲಿ ಬಿಡಮ್ಮ" ಎಂದಳು ಮಗಳು. "ಟೈಲ್ಸ್ ಇರ್ತದೆ, ಫ್ಯಾನ್ ಇರ್ತದೆ. ಎಷ್ಟು ದಿನಾಂತ ಆ ಧೂಳಲ್ಲೇ ಇರ್ತೀಯ?"

"ನಿಮ್ಮ ಕಾರ್ಖಾನೇಲಿ ಮಿಷನ್ನುಗಳು ಎಲ್ಲಿವೆ?"

"ಕೆಳಗಡೆ."

"ಮಹಡಿ ಮೇಲೆ?"

"ಮೇಲೆ ಆಫೀಸು ಅಷ್ಟೇ ಅಮ್ಮ. ಮಿಷನ್ ಇಡೋ ಹಾಗಿಲ್ಲ."

"ಅಷ್ಟು ಅವರಿಗೂ ಗೊತ್ತಿದೆ ಕಣೇ. ನಾನೇ ಬೇಡ ಅಂದು ಬಿಟ್ಟೋಗ್ಲಿ ಅಂತ ಮಾಡಿರೋ ಉಪಾಯ ಇದು."

ಮಾರನೆಯ ದಿನವೇ ಅವರು ಕುಣಿಗಲ್ಲಿನ ಕಡೆಯಿಂದ ಚಿಕ್ಕಮಾರಯ್ಯನನ್ನು ಕರೆಸಿದರು. ಗಾರೆ ಕೆಲಸದಲ್ಲಿ ಪಳಗಿದ ಮುದುಕ. ದಾಕ್ಷಾಯಣಮ್ಮನವರ ತವರುಮನೆಯ ಗೋಡೆ ಎಬ್ಬಿಸಿದವನು. ಬಂದವನು ಕಾಫಿಯನ್ನೂ ಕುಡಿಯದೆ ಏಣಿ ಹತ್ತಿದ. ಒಂದು ಗಡಾರಿ ಹಿಡಿದುಕೊಂಡು ಚಪ್ಪಡಿಯಿಂದ ಚಪ್ಪಡಿಗೆ ಕುಟ್ಟಿ, ಕಿವಿಗೊಟ್ಟು, ಮಾಳಿಗೆಯ ಉದ್ದಗಲ ನಡೆದ. ಕೆಳಗೆ ನಿಂತ ದಾಕ್ಷಾಯಣಮ್ಮನವರಿಗೂ ಶಿವರಾಮಯ್ಯನವರಿಗೂ ಆ ಸದ್ದು ಗಂಟೆ ಹೊಡೆದಂತೆ ಕೇಳುತ್ತಿತ್ತು. ಎರಡು ಗಂಟೆಯ ಹೊತ್ತಾದ ಮೇಲೆ ಇಳಿದು ಬಂದ.

"ಕಲ್ಲು ಗಟ್ಟಿ ಅದೆ ಅವ್ವಾ. ಇನ್ನೂ ನಿಮ್ಮ ಮೊಮ್ಮಕ್ಕಳ ಕಾಲ ಆಯ್ತದೆ. ಗಾರೆ ಸತ್ತೈತೆ, ಅದನ್ನ ಕಿತ್ತು ಹೊಸದಾಗಿ ತುಂಬಬೇಕು. ಆದ್ರೆ ಮೂರನೇ ಅಂಗಡಿ ಸೋರ್ತಿರೋದು ಮಳೆ ನೀರಲ್ಲ."

"ಮತ್ತೆ?"

"ಮೇಲೆ ಒಂದು ದೊಡ್ಡ ಟ್ಯಾಂಕ್ ಮಡಗವ್ರಲ್ಲ ಮದ್ವೆ ಮನೇಗೆ ಅಂತ, ಅದರ ಬುಡ ಒಸರ್ತಾ ಐತೆ. ಭಾರಕ್ಕೆ ಚಪ್ಪಡಿ ಸಂದು ಬುಟ್ಟೈತೆ. ಯಾರ್ ಮಡಗಿದ್ದು ಅದನ್ನ?"

ಇಟ್ಟದ್ದು ಸಮಿತಿಯೇ. ಮಂಟಪದ ಅಡುಗೆಗೆ ನೀರು ಸಾಲದೆಂದು ಐದು ವರ್ಷದ ಹಿಂದೆ ಅಂಗಡಿಗಳ ನೆತ್ತಿಯ ಮೇಲೆ ಅದನ್ನು ಕೂರಿಸಿದ್ದರು. ತಾವೇ ಇಟ್ಟ ಟ್ಯಾಂಕಿನಿಂದ ತಾವೇ ಸೋರಿಸಿ, ಆ ಸೋರಿಕೆಯನ್ನೇ ಕಾರಣ ಮಾಡಿ, ಬಾಡಿಗೆದಾರರ ಕೈಯಿಂದಲೇ ಅರ್ಜಿ ಬರುವಂತಾದ ಮೇಲೆ ಮಹಡಿ ಹತ್ತಿ ಎನ್ನುವವರನ್ನು ಏನೆನ್ನಬೇಕು? ದಾಕ್ಷಾಯಣಮ್ಮನವರಿಗೆ ಆವತ್ತು ಎರಡು ಬಾರಿ ಬೆಲ್ಟು ಜಾರಿತು.

ಎರಡನೆಯ ಸಭೆಯಲ್ಲಿ ಅವರು ಟ್ಯಾಂಕಿನ ವಿಷಯವನ್ನು ಎತ್ತಿದರು. ಗಾರೆಯವನ ಮಾತನ್ನು ಎಂಜಿನಿಯರ ಮಾತಿನ ಮುಂದೆ ಇಡಲಾದೀತೇ ಎಂದರು ಕಾರ್ಯದರ್ಶಿಗಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ಸಿಟ್ಟು ದಾಕ್ಷಾಯಣಮ್ಮನವರ ಬಾಯಿಗೆ ಬಂತು.

"ನಿಮ್ಮ ಎಂಜಿನಿಯರು ಕಬ್ಬಿನ ಹಾಲು ಕುಡಿದು ಹೋದ್ರು. ನಮ್ಮ ಗಾರೆಯೋನು ಮಾಳಿಗೆ ಹತ್ತಿ ನೋಡ್ದ. ಆಷಾಢದಲ್ಲಿ ಹೆಂಗೂ ಮದುವೆ ಇಲ್ಲ. ಟ್ಯಾಂಕ್ ಖಾಲಿ ಮಾಡ್ಸಿ. ಆ ಒಂದು ತಿಂಗಳ ಮಳೇಲಿ ಆರು ಅಂಗಡೀಲಿ ಎಲ್ಲಾದ್ರೂ ಒಂದೇ ಒಂದು ತೊಟ್ಟು ಬಿದ್ರೆ, ಆರೂ ಬೀಗದ ಕೈ ನಾನೇ ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ. ಬೀಳದೇ ಹೋದ್ರೆ ಗಾರೆ ಹಾಕಿಸ್ಕೊಟ್ಟು ನಮ್ಮನ್ನ ನಮ್ಮ ಪಾಡಿಗೆ ಬಿಡಿ."

"ಪುಟ್ಟರುದ್ರಪ್ಪನೋರ ಫೋಟೋ ಮುಂದೆ ಆಡಿದ ಮಾತು, ತಾಯಿ" ಎಂದರು ಮಹಾಲಿಂಗಯ್ಯ.

"ಹೌದು, ಅವರ ಮುಂದೇನೇ."

ಈ ಪಣದ ಸುದ್ದಿ ಕೇಳಿ ಚಿಕ್ಕಮಾರಯ್ಯ ಹಣೆ ಚಚ್ಚಿಕೊಂಡ. "ಒಂದೇ ತೊಟ್ಟು ಅಂತ ಯಾಕಂದ್ರಿ ಅವ್ವಾ? ನಾಲ್ಕು ತಲೆಮಾರಿನ ಗಾರೆ ಅದು, ಒಂದು ತೊಟ್ಟು ಬಿದ್ದೇ ಬೀಳ್ತದೆ. ಒಂದು ತೊಟ್ಟಿಗೆ ಯಾರಾದ್ರೂ ಕಟ್ಟಡ ಕೆಡುವ್ತಾರಾ? ಒಂದು ಕೊಡ ಅಂದಿದ್ರೆ ಆಗ್ತಿತ್ತು."

ಆಡಿದ ಮಾತು ಆಡಿಯಾಗಿತ್ತು. ಆಷಾಢ ಬಂತು. ಟ್ಯಾಂಕು ಖಾಲಿಯಾಯಿತು. ಮಳೆ ದಿನವೂ ಹಿಡಿದುಕೊಂಡಿತು. ದಾಕ್ಷಾಯಣಮ್ಮ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ತಲೆಯೆತ್ತಿ ಮಾಳಿಗೆಯನ್ನು ನೋಡುವರು. ಆಮೇಲೆ ಒಂದೊಂದೇ ಅಂಗಡಿಗೆ ಹೋಗಿ ವಿಚಾರಿಸುವರು. ಶಿವರಾಮಯ್ಯನವರ ಅಂಗಡಿ ಬೆಂಕಿಪೊಟ್ಟಣದ ಹಾಗೆ ಒಣಗಿತ್ತು. ಹತ್ತು ದಿನ ಕಳೆಯಿತು, ಇಪ್ಪತ್ತು ಕಳೆಯಿತು. ಊರಿನಲ್ಲಿ ಜನ ಮಳೆ ಬಂದಾಗಲೆಲ್ಲ ಗಿರಣಿಯ ಕಡೆಗೆ ಇಣುಕಿ ನೋಡಿ "ಇನ್ನೂ ಗೆದ್ದೇ ಇದೀರಾ ಅಮ್ಮ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಮಹಾಲಿಂಗಯ್ಯನವರು ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು.

ಇಪ್ಪತ್ತಾರನೆಯ ದಿನ ಬೆಳಗ್ಗೆ ಗಿರಣಿಯ ಹಿಂದಿನ ಮೂಲೆಯಲ್ಲಿ, ಹಿಂದಿನ ದಿನ ಚೆಲ್ಲಿದ ಹಿಟ್ಟಿನ ಮೇಲೆ ಒಂದು ಗುಂಡಗಿನ ಗುರುತು ಕಂಡಿತು. ಬಾಗಿ ನೋಡಿದರು. ಹುರುಳಿಕಾಳಿನಷ್ಟು ಗಾತ್ರದ ಹಿಟ್ಟಿನ ಉಂಡೆ. ನೀರಿನ ತೊಟ್ಟು ಬಿದ್ದರೆ ಮಾತ್ರ ಹಿಟ್ಟು ಹಾಗೆ ಉಂಡೆಗಟ್ಟುತ್ತದೆ. ತಲೆಯೆತ್ತಿದರೆ ಚಪ್ಪಡಿಯ ಸಂದಿನಲ್ಲಿ ಬೆರಳಗಲದ ತೇವ. ಅಷ್ಟೇ. ಅವರ ಹಿಂದೆಯೇ ಶಿವರಾಮಯ್ಯನವರು ಬಂದು ನಿಂತಿದ್ದರು.

"ಪೊರಕೇಲಿ ಗುಡಿಸ್ಬಿಡಮ್ಮ" ಎಂದರು, ಬಾಗಿಲ ಕಡೆ ನೋಡಿ.

"ನಾನು ಒಂದೇ ತೊಟ್ಟು ಅಂದಿದ್ದೆ ಶಿವರಾಮಣ್ಣ."

"ಅವರು ಟ್ಯಾಂಕ್ ಮಡಗಿ ಐದು ವರ್ಷ ಸೋರಿಸಿದ್ರಲ್ಲ, ಒಪ್ಕೊಂಡ್ರಾ? ಇನ್ನು ನಾಲ್ಕು ದಿನ. ಯಾರಿಗ್ ಗೊತ್ತಾಗ್ತದೆ?"

"ನಂಗೆ ಗೊತ್ತಾಯ್ತಲ್ಲ."

"ನಿಂಗೊಬ್ಬಳಿಗೆ ಸತ್ಯ ಬೇಕು ಅಂತ ನಾವು ಆರು ಜನ ಬೀದಿಗೆ ಬೀಳ್ಬೇಕಾ?"

ದಾಕ್ಷಾಯಣಮ್ಮ ಬಹಳ ಹೊತ್ತು ಆ ಉಂಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಹೊರಗೆ ರಾಗಿ ತಂದವರು ಕೂಗುತ್ತಿದ್ದರು. ಕೊನೆಗೆ ಎದ್ದು, ತಲೆಯ ಟವೆಲು ಬಿಚ್ಚಿ, ಮಂಡಿಗೆ ಹೋಗಿ ಮಹಾಲಿಂಗಯ್ಯನವರಿಗೆ ಇದ್ದುದನ್ನು ಇದ್ದಂತೆ ಹೇಳಿದರು. "ಟ್ಯಾಂಕಿನ ಕೆಳಗೆ ಒಂದು ಹನಿ ಇಲ್ಲ. ನನ್ನ ಮೂಲೇಲಿ ಒಂದು ತೊಟ್ಟು ಬಿದ್ದಿದೆ. ಬಂದು ನೋಡಿ."

ಮನುಷ್ಯತ್ವವಿದ್ದವರು ಅಲ್ಲಿಗೇ ಕೈಮುಗಿದು, "ನಿಮ್ಮಂಥವರು ಬಾಡಿಗೆಗಿರುವುದು ನಮ್ಮ ಪುಣ್ಯ" ಎಂದು ಗಾರೆ ಹಾಕಿಸಿಕೊಡಬೇಕಾಗಿತ್ತು. ಮಹಾಲಿಂಗಯ್ಯನವರು ಅಡಕೆಯ ತೂಕ ನೋಡುತ್ತಿದ್ದವರು ಮುಖವನ್ನು ಪೂರ್ತಿ ತಿರುಗಿಸಲೂ ಇಲ್ಲ. "ನೋಡೋದೇನಿದೆ ತಾಯಿ. ನೀವು ಸುಳ್ಳು ಹೇಳೋರಲ್ಲ ಅಂತ ಊರಿಗೇ ಗೊತ್ತು. ಬೀಗದ ಕೈ ಯಾವಾಗ ತರ್ತೀರಿ?"

ಒಪ್ಪಿಗೆಯ ಪತ್ರ ಸಿದ್ಧವಾಯಿತು. "ಕಟ್ಟಡದ ಜೀರ್ಣೋದ್ಧಾರಕ್ಕಾಗಿ ಮಳಿಗೆ ತೆರವು ಮಾಡಿಕೊಡುತ್ತೇವೆ, ಜೀರ್ಣೋದ್ಧಾರವಾದ ತರುವಾಯ ನಮಗೆ ಅದೇ ಕಟ್ಟಡದಲ್ಲಿ ಸ್ಥಳ ಒದಗಿಸತಕ್ಕದ್ದು" ಎಂದು ಅದರಲ್ಲಿತ್ತು. ಆರೂ ಜನ ರುಜು ಹಾಕಿದರು. ಉಳಿದ ಐವರು ಕೆಲವು ತಿಂಗಳು ದಾಕ್ಷಾಯಣಮ್ಮನವರೊಡನೆ ಮಾತು ಬಿಟ್ಟರು. ಶಿವರಾಮಯ್ಯನವರು ಎದುರಾದರೆ ಬೀದಿಯ ಆಚೆ ಬದಿಗೆ ಹೋಗುವರು. ಯಂತ್ರವನ್ನು ಬಂಡೆಗಲ್ಲಿನಿಂದ ಬಿಚ್ಚುವ ದಿನ ಚನ್ನವೀರಯ್ಯನವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮೊದಲ ಬಾರಿಗೆ ಗಿರಣಿಯೊಳಗೆ ಬಂದರು. ರೈಲು ನಿಲ್ದಾಣದ ಆಚೆ ಹಳೆಯ ಕಡಲೆಕಾಯಿ ಗೋದಾಮೊಂದು ಬಾಡಿಗೆಗೆ ಸಿಕ್ಕಿತು. ತಗಡಿನ ಸೂರು; ಮಧ್ಯಾಹ್ನವಾದರೆ ಒಲೆಯೊಳಗೆ ನಿಂತಂತೆ. ಅಷ್ಟು ದೂರ ಮೂಟೆ ಹೊತ್ತು ಬರಲಾಗದೆ ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಬರುವುದನ್ನೇ ಬಿಟ್ಟರು.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಚಿಕ್ಕಮಾರಯ್ಯ ಗೋದಾಮಿನ ಬಾಗಿಲಲ್ಲಿ ಬಂದು ನಿಂತ. ಮೈಯೆಲ್ಲ ಸುಣ್ಣ.

"ಒಳಗ್ ಬಾ ಚಿಕ್ಕಮಾರಣ್ಣ. ಎಲ್ಲಿ ಕೆಲಸ?"

ಅವನು ಒಳಕ್ಕೆ ಬರಲಿಲ್ಲ. "ನಿಮಗೆ ಹೇಳದೆ ಹೋದ್ರೆ ತಪ್ಪಾಯ್ತದೆ ಅಂತ ಬಂದೆ ಅವ್ವಾ. ಛತ್ರದ ಕೆಲಸ. ಗಾರೆ ತುಂಬಿ ಆಯ್ತು. ಟ್ಯಾಂಕ್ ಕೆಳಗಿಳಿಸಿ ಆಯ್ತು. ಈಗ ನಿಮ್ಮ ಅಂಗಡಿಗಳ ನಡುವಿನ ಗೋಡೆ ತೆಗೀತಾ ಇದೀವಿ."

"ಕೆಡವಲಿಲ್ವಾ?"

"ಎಲ್ಲಿ ಕೆಡುವ್ತಾರೆ. ಎಂಜಿನಿಯರೇ ಬಂದು ಹೇಳಿದ್ರಂತೆ, ಕಲ್ಲು ಗಟ್ಟಿ ಅದೆ, ದುಡ್ಡು ಯಾಕೆ ದಂಡ ಮಾಡ್ತೀರಿ ಅಂತ. ಬಟ್ಟೆ ಶೋರೂಮ್ನೋರು ಹಿಂಗೇ ಚೆಂದ ಅಂತ ಒಪ್ಕೊಂಡವ್ರೆ."

ದಾಕ್ಷಾಯಣಮ್ಮ ಮೋಟಾರನ್ನು ನಿಲ್ಲಿಸಿದರು. ಚಿಕ್ಕಮಾರಯ್ಯನ ಮೇಲೆ ಅವರಿಗೆ ಕೋಪ ಬರಲಿಲ್ಲ; ಕೂಲಿಯವನು ಕರೆದಲ್ಲಿಗೆ ಹೋಗಬೇಕು. ಅವನಿಗೆ ಮುದ್ದೆ ಬಡಿಸಿ, ತಿನ್ನುವವರೆಗೂ ಕಾದಿದ್ದು, ಆಮೇಲೆ ಗೋದಾಮಿಗೆ ಬೀಗ ಹಾಕಿಕೊಂಡು ನೇರವಾಗಿ ಮಂಡಿಗೆ ನಡೆದರು. ದಾರಿಯಲ್ಲಿ ಶಿವರಾಮಯ್ಯನವರ ಮನೆಯ ಬಾಗಿಲು ತಟ್ಟಿ ಸುದ್ದಿ ಹೇಳಿದರು. ಅವರು ಅಳತೆಯ ಟೇಪನ್ನು ಕೊರಳಲ್ಲಿ ನೇತುಹಾಕಿಕೊಂಡೇ ಹಿಂದೆ ಬಂದರು.

"ಅಧ್ಯಕ್ಷರೇ, ಜೀರ್ಣೋದ್ಧಾರ ಮುಗೀತಂತೆ. ಪತ್ರದಲ್ಲಿ ಬರ್ದಿರೋ ಹಾಗೆ ನಮ್ಮ ಜಾಗ ನಮಗೆ ಕೊಡಿ."

"ಯಾರಂದಿದ್ದು ಜೀರ್ಣೋದ್ಧಾರ ಮುಗೀತು ಅಂತ?" ಮಹಾಲಿಂಗಯ್ಯನವರ ದನಿ ಎಂದಿನಂತೆ ಮೆತ್ತಗಿತ್ತು. "ಜೀರ್ಣೋದ್ಧಾರ ಅಂದ್ರೆ ಕೆಡವಿ ಹೊಸದು ಕಟ್ಟೋದು ಅಂತ ಅವತ್ತೇ ಸಭೇಲಿ ಮಾತಾಗಿದೆ. ನಡಾವಳಿ ಪುಸ್ತಕದಲ್ಲೂ ಇದೆ. ಈಗ ಆಗಿರೋದು ಬರೀ ರಿಪೇರಿ, ತಾಯಿ. ರಿಪೇರಿಗೂ ನಿಮ್ಮ ಪತ್ರಕ್ಕೂ ಸಂಬಂಧ ಇಲ್ಲ. ಮುಂದೆ ಯಾವತ್ತಾದ್ರೂ ಜೀರ್ಣೋದ್ಧಾರ ಆದಾಗ ನಿಮಗೇ ಮೊದಲನೇ ಜಾಗ."

ದಾಕ್ಷಾಯಣಮ್ಮ ಕೇಳಿದರು: "ನಾವು ರಿಪೇರಿ ಕೇಳಿದಾಗ ಅದು ಜೀರ್ಣೋದ್ಧಾರ ಆಯ್ತು. ನಾವು ಜೀರ್ಣೋದ್ಧಾರ ಅಂದಾಗ ಅದು ರಿಪೇರಿ ಆಯ್ತು. ಒಂದೇ ಮಾತನ್ನ ಎರಡು ಕಡೆಗೂ ಬೀಸ್ತೀರಲ್ಲ ಮಹಾಲಿಂಗಣ್ಣ, ನನ್ನ ಕಲ್ಲು ಕೂಡ ಒಂದೇ ಕಡೆ ತಿರುಗೋದು."

ಅವರು "ಅಧ್ಯಕ್ಷರೇ" ಎಂಬ ಮಾತನ್ನು ಬಿಟ್ಟದ್ದು ಅಂದಿನಿಂದ.

ಊರಿನಲ್ಲಿ ತಿಳಿದವರೆನಿಸಿಕೊಂಡವರು ಹಲವರು ಬಂದು, ದೊಡ್ಡವರನ್ನು ಎದುರು ಹಾಕಿಕೊಳ್ಳಬೇಡಿ, ಹೇಗೂ ಗೋದಾಮಿದೆಯಲ್ಲ ಎಂದು ಬುದ್ಧಿ ಹೇಳಿದರು. ಪಣದಲ್ಲಿ ಸೋತವರು ನೀವೇ ಅಲ್ಲವೇ ಎಂದವರೂ ಉಂಟು. ನನಗೆ ಅರ್ಥವಾಗದ್ದು ಇದೇ: ಒಂದು ತೊಟ್ಟನ್ನು ಮುಚ್ಚಿಡದ ಹೆಂಗಸಿಗೆ ಬುದ್ಧಿ ಹೇಳಲು ಅಷ್ಟು ಜನ ಬಂದರು, ಒಂದು ಟ್ಯಾಂಕು ನೀರನ್ನು ಐದು ವರ್ಷ ಮುಚ್ಚಿಟ್ಟವರಿಗೆ ಬುದ್ಧಿ ಹೇಳಲು ಒಬ್ಬರೂ ಹೋಗಲಿಲ್ಲ. ಹುಡುಗರ ಊಟಕ್ಕೆಂದು ಬಿಟ್ಟ ಆಸ್ತಿಯಲ್ಲಿ ಗಾಜಿನ ಬಾಗಿಲ ಹಿಂದೆ ಗೊಂಬೆಗಳಿಗೆ ಸೀರೆ ಉಡಿಸಿ ನಿಲ್ಲಿಸಿದ್ದಾರೆ. ಗಿರಣಿಯ ಬಂಡೆಗಲ್ಲಿದ್ದ ಜಾಗದಲ್ಲಿ ಈಗ ಬಟ್ಟೆ ಹಾಕಿ ನೋಡುವ ಕೋಣೆ.

ದಾಕ್ಷಾಯಣಮ್ಮ ತುಮಕೂರಿನ ವಕೀಲರೊಬ್ಬರನ್ನು ಹಿಡಿದರು. ಅಕ್ಷತಾ ಹುಡುಕಿಕೊಟ್ಟಳು. ಆರೂ ಜನರ ಹೆಸರಿನಲ್ಲಿ ದಾವೆ ಹೂಡಿದ್ದಾಯಿತು. ಮಾತು ಬಿಟ್ಟಿದ್ದ ಐವರೂ ಒಬ್ಬೊಬ್ಬರಾಗಿ ಬಂದು ರುಜು ಹಾಕಿದರು. ಕಟ್ಟಡಕ್ಕೆ ನಿಜವಾಗಿ ಏನು ಮಾಡಿದರು, ಟ್ಯಾಂಕು ಎಲ್ಲಿತ್ತು ಎಂಬುದನ್ನು ನ್ಯಾಯಾಲಯದಲ್ಲಿ ಹೇಳಬಲ್ಲವನು ಚಿಕ್ಕಮಾರಯ್ಯನೊಬ್ಬನೇ ಎಂದು ವಕೀಲರು ಹೇಳಿದಾಗ ಆಕೆ ಕುಣಿಗಲ್ಲಿಗೆ ಹೋದರು. ಅವನು ಮೊದಲು ಒಪ್ಪಲಿಲ್ಲ. "ಆ ಕಡೆ ಇನ್ನು ಯಾರೂ ಕೆಲಸಕ್ಕೆ ಕರೆಯಾಕಿಲ್ಲ ಅವ್ವಾ" ಎಂದ. ಆಕೆ ಬಲವಂತ ಮಾಡಲಿಲ್ಲ. ಬಸ್ಸಿಗೆ ಎದ್ದಾಗ ಅವನೇ ಜಗಲಿಯಿಂದ ಕೂಗಿ, "ಯಾವತ್ತು ಅಂತ ಹೇಳಿ ಕಳ್ಸಿ ಬುಡಿ, ಬತ್ತೀನಿ. ಗಾರೆ ಹಾಕಿದೋನು ನಾನೇ ಅಲ್ವಾ" ಎಂದನಂತೆ.

ಕಳೆದ ತಿಂಗಳು ಸಮಿತಿಯಿಂದ ಒಂದು ಮಾತು ಬಂತು. ದಾಕ್ಷಾಯಣಮ್ಮನವರೊಬ್ಬರು ದಾವೆಯಿಂದ ಹೆಸರು ತೆಗೆದರೆ ಮಂಟಪದ ಹಿಂಭಾಗದಲ್ಲಿ ಅವರ ಯಂತ್ರಕ್ಕೆ ಒಂದು ಹೊಸ ಶೆಡ್ಡು ಕಟ್ಟಿಸಿಕೊಡುತ್ತೇವೆ, ನೆಲಮಟ್ಟದಲ್ಲಿಯೇ, ಎಂದು. ಹಳೆಯ ಗಿರಾಕಿಗಳಿಗೆಲ್ಲ ಹತ್ತಿರ. ಚನ್ನವೀರಯ್ಯನವರು ಒಪ್ಪಿಕೊಳ್ಳೋಣವೆಂದರು. ಆಕೆ ಒಂದು ರಾತ್ರಿಯೆಲ್ಲ ಯೋಚಿಸಿದ್ದು ನಿಜ. ಅದನ್ನು ನನ್ನಿಂದ ಮರೆಮಾಡಲಿಲ್ಲ. ಬೆಳಗ್ಗೆ ಸುದ್ದಿ ತಂದವನಿಗೆ ಹೇಳಿ ಕಳುಹಿಸಿದರು: "ಶೆಡ್ಡು ನಂಗೆ ಈಗ್ಲೂ ಇದೆ. ಶಿವರಾಮಣ್ಣ ಮಿಷನ್ ಹೊರಗಿಟ್ಕೊಂಡು ಬೀದೀಲಿ ಹೊಲೀತವ್ನೆ. ಅವನನ್ನ ಮೊದ್ಲು ಒಳಗೆ ಕರೀರಿ."

ಈಗ ಅವರಿಗೆ ಐವತ್ತಾರು. ವಿಚಾರಣೆಯ ದಿನ ಬೆಳಗ್ಗೆ ಐದಕ್ಕೇ ಗೋದಾಮು ತೆಗೆದು, ಒಂಬತ್ತರವರೆಗೆ ಬೀಸಿ, ತಲೆಯ ಹಿಟ್ಟು ಕೊಡವಿಕೊಂಡು ನ್ಯಾಯಾಲಯಕ್ಕೆ ಹೋಗುತ್ತಾರೆ. ದೂರದಿಂದ ಬರಲಾಗದ ಮುದುಕಿಯರ ರಾಗಿಯನ್ನು ಶಿವರಾಮಯ್ಯನವರ ಮೊಪೆಡ್ಡಿನಲ್ಲಿ ತರಿಸಿಕೊಂಡು ಬೀಸಿ ಕಳುಹಿಸುತ್ತಿದ್ದಾರೆ. ಮುಂದಿನ ಹದಿನೇಳಕ್ಕೆ ಸಾಕ್ಷಿಯ ಹೇಳಿಕೆ. ಚಿಕ್ಕಮಾರಯ್ಯ ಹಿಂದಿನ ಸಾಯಂಕಾಲವೇ ಬಂದು ಅವರ ಮನೆಯಲ್ಲಿ ಉಳಿಯುವವನಿದ್ದಾನೆ. ಅವನಿಗೆ ಹುರುಳಿ ಸಾರೆಂದರೆ ಪ್ರಾಣ. ನಿನ್ನೆ ಹೋದಾಗ ದಾಕ್ಷಾಯಣಮ್ಮ ಗೋದಾಮಿನ ಬಾಗಿಲಲ್ಲಿ ಮೊರ ಹಿಡಿದು ಕೂತು ಹುರುಳಿ ಹಸನು ಮಾಡುತ್ತಿದ್ದರು.